ಒಂದೇ ಭಾಷೆ ಸಾಕು ಎನ್ನುವ ಮೊದಲು

“ಡಾಕ್ಟರೇ, ನಾನು ಇನ್ನು ಮೊಮ್ಮಗನ ಹತ್ತಿರ ತುಳು ಮಾತನಾಡಬಾರದಂತೆ, ಹೌದೇ?” ಬದಿಯಡ್ಕದ ಕಡೆಯಿಂದ ಬಂದ ಅಜ್ಜಿ ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳಿದರು. ಹುಡುಗನಿಗೆ ಎರಡು ವರ್ಷ. ಅಪ್ಪ, ಅಮ್ಮ ಕನ್ನಡ, ಅಜ್ಜಿ ತುಳು, ಪಕ್ಕದ ಮನೆಯ ಮಕ್ಕಳು ಮಲಯಾಳ. ಮಾತು ತಡವಾಗಲು ಈ ಕಲಸುಮೇಲೋಗರವೇ ಕಾರಣ, ಒಂದೇ ಭಾಷೆ ಇಟ್ಟುಕೊಳ್ಳಿ ಎಂದು ಯಾರೋ ಹೇಳಿದ್ದರು.

ಕಾಸರಗೋಡಿನ ವಾಕ್ ಚಿಕಿತ್ಸಕಿಯಾಗಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಸಲಹೆ ಇದು. ಹಲವು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ. ತಪ್ಪುವುದು ಹೆಚ್ಚಾಗಿ ನಮ್ಮ ಲೆಕ್ಕ. ತಾಯಿ ಬರೆದು ತಂದ ಪಟ್ಟಿಯಲ್ಲಿ ಹದಿನೆಂಟು ಕನ್ನಡ ಪದಗಳಿದ್ದವು. ಅಜ್ಜಿಯ ಬಳಿ ಹೇಳುವ ‘ಪುಚ್ಚೆ’ (ಬೆಕ್ಕು), ಪಕ್ಕದ ಮನೆಯಲ್ಲಿ ಕೇಳುವ ‘ವೆಳ್ಳಂ’ (ನೀರು) ಅದರಲ್ಲಿರಲಿಲ್ಲ. ಎಲ್ಲವನ್ನೂ ಕೂಡಿಸಿದಾಗ ನಲವತ್ತರ ಹತ್ತಿರ ಬಂತು. ಈ ವಯಸ್ಸಿಗೆ ಸುಮಾರು ಐವತ್ತು ಪದ ಇರಬೇಕು. ಸ್ವಲ್ಪ ಹಿಂದೆ, ನಿಜ. ಹದಿನೆಂಟೇ ಪದ ಎಂದುಕೊಂಡಾಗ ಕಂಡಷ್ಟು ಹಿಂದೆ ಅಲ್ಲ. ಶ್ರವಣ ಪರೀಕ್ಷೆಯಲ್ಲೂ ತೊಂದರೆ ಕಾಣಲಿಲ್ಲ.

ಮೊದಲ ತಿಂಗಳುಗಳಲ್ಲಿ ಶಿಶು ಜಗತ್ತಿನ ಹೆಚ್ಚುಕಡಿಮೆ ಎಲ್ಲ ಭಾಷೆಗಳ ಧ್ವನಿಭೇದಗಳನ್ನು ಗುರುತಿಸಬಲ್ಲದು. ವರ್ಷ ತುಂಬುವ ಹೊತ್ತಿಗೆ ಸುತ್ತಲಿನ ಧ್ವನಿಗಳಿಗೆ ಕಿವಿ ಹದಗೊಳ್ಳುತ್ತದೆ. ಮಲಯಾಳದವರು ‘ಮೞ’ (ಮಳೆ) ಎನ್ನುವಾಗಿನ ೞಕಾರ ಹಳಗನ್ನಡದಲ್ಲಿದ್ದು ನಾವು ಕಳೆದುಕೊಂಡದ್ದು. ನಮ್ಮೂರಿನ ಮಗುವಿಗೆ ಅದು ತೊಟ್ಟಿಲಲ್ಲೇ ಪುಕ್ಕಟೆ ಸಿಗುತ್ತದೆ!

ಆದರೆ ಸಿಗಬೇಕಾದರೆ ಎದುರಿಗೆ ಮನುಷ್ಯರಿರಬೇಕು. ಶಿಶುಗಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕುಹ್ಲ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಒಂಬತ್ತು ತಿಂಗಳ ಶಿಶುಗಳಿಗೆ ಹನ್ನೆರಡು ಬಾರಿ ಮ್ಯಾಂಡರಿನ್ (ಚೀನೀ ಭಾಷೆ) ಕೇಳಿಸಲಾಯಿತು. ಎದುರು ಕುಳಿತು ಆಡಿಸಿದವರಿಂದ ಕೇಳಿದ ಶಿಶುಗಳು ಆ ಧ್ವನಿಗಳನ್ನು ಕಲಿತವು. ಅದೇ ಜನರನ್ನು ವಿಡಿಯೊದಲ್ಲಿ ನೋಡಿದ ಶಿಶುಗಳು ಕಲಿಯಲಿಲ್ಲ. ಅಂದ ಹಾಗೆ, ನಮ್ಮ ಹುಡುಗನಿಗೆ ಮೂರು ಹೊತ್ತಿನ ಊಟವೂ ಮೊಬೈಲ್ ಮುಂದೆಯೇ ನಡೆಯುತ್ತಿತ್ತು. ಅದನ್ನು ಯಾರೂ ಭಾಷೆಯ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಇನ್ನೊಂದು ಸಂಗತಿ ಕೋಣೆಯಲ್ಲೇ ಕಂಡಿತು. ತಾಯಿ “ಇದೇನು? ಹೇಳು, ಹೇಳು” ಎಂದು ಒಂದೇ ಸಮನೆ ಕೇಳುತ್ತಿದ್ದರು. ಮಗು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ಅವರೇ ಹೇಳುತ್ತಿದ್ದರು. ಪ್ರೀತಿಯಿಂದಲೇ, ಆದರೂ ಅದು ಪರೀಕ್ಷೆ. ಅಜ್ಜಿಯ ಕ್ರಮ ಬೇರೆ. ಅಂಗಳದಲ್ಲಿ ಅಡಿಕೆ ಹೆಕ್ಕುವಾಗ ಅವನೂ ಒಂದೊಂದೇ ತಂದು ಬುಟ್ಟಿಗೆ ಹಾಕುತ್ತಾನಂತೆ. ‘ಪುಚ್ಚೆ’ ಎಂದರೆ ಅವರು “ಹೌದು, ಪುಚ್ಚೆ ಬತ್ತ್‌ಂಡ್” (ಬೆಕ್ಕು ಬಂತು) ಎಂದು ಒಂದು ಪದ ಸೇರಿಸಿ ಹೇಳಿ ಕೆಲಸ ಮುಂದುವರಿಸುತ್ತಾರೆ. ಅವರಿಗೆ ಅವಸರವಿಲ್ಲ, ಆದ್ದರಿಂದ ಅವನ ಸರದಿ ಅವನಿಗೆ ಸಿಗುತ್ತದೆ. ನಾಲ್ಕರಿಂದ ಆರು ವರ್ಷದ ಮಕ್ಕಳ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನವೂ ಇದನ್ನೇ ಕಂಡಿತು: ದೊಡ್ಡವರೊಂದಿಗೆ ಮಾತಿನ ಕೊಡುಕೊಳ್ಳುವಿಕೆ ಹೆಚ್ಚಿದ್ದ ಮಕ್ಕಳು ಕಥೆ ಕೇಳುವಾಗ ಮೆದುಳಿನ ಭಾಷಾಭಾಗ ಹೆಚ್ಚು ಚುರುಕಾಗಿತ್ತು, ಕಿವಿಗೆ ಬಿದ್ದ ಪದಗಳ ಒಟ್ಟು ಸಂಖ್ಯೆ ಎಷ್ಟೇ ಇರಲಿ.

ತಾಯಿಗೆ ಹೇಳಿದ್ದು ಇಷ್ಟೇ: ಒಂದು ಮಾತು ಆಡಿ, ಮನಸ್ಸಿನಲ್ಲೇ ಐದರ ತನಕ ಎಣಿಸಿ. ಮೊದಲ ವಾರ ಆ ಐದು ಎಣಿಕೆ ಯುಗದಂತೆ ಅನಿಸುತ್ತದೆ. ಊಟದ ಹೊತ್ತಿಗೆ ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಕಾಯಬಾರದ ಸಂದರ್ಭಗಳೂ ಇವೆ. ವರ್ಷ ತುಂಬಿದರೂ ತೊದಲದ, ಬೆರಳು ತೋರಿಸದ, ಹೆಸರು ಕರೆದರೆ ತಿರುಗದ ಮಗು. ಹದಿನಾರು ತಿಂಗಳಿಗೂ ಯಾವ ಭಾಷೆಯಲ್ಲೂ ಒಂದು ಪದ ಬಾರದ ಮಗು. ಬಂದ ಮಾತು ನಿಂತುಹೋದ ಮಗು. ‘ಅವನ ಅಪ್ಪನೂ ತಡವಾಗಿ ಮಾತನಾಡಿದ್ದು’ ಎಂದು ಸುಮ್ಮನಿರದೆ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಹೊರಡುವಾಗ ಹುಡುಗ ಅಜ್ಜಿಯ ಸೆರಗು ಎಳೆದು “ಪೋಯಿ” ಎಂದ. ತುಳುವಿನಲ್ಲಿ ‘ಹೋಗೋಣ’, ಮಲಯಾಳದಲ್ಲಿ ‘ಹೋಯಿತು’. ಅಜ್ಜಿ ಆಗಲೇ ಚಪ್ಪಲಿ ಹುಡುಕುತ್ತಿದ್ದರು.