ನಾಗಾಲೋಟ ಹಾಕಿದ್ರೆ ರೇಸಿಂದ ಔಟ್

ನಮ್ಮ ಕೊಡಗಲ್ಲಿ ತೋಟದ ಕೆಲ್ಸಕ್ಕೆ ಹೋಗೋರಿಗೆ ಆನೆ ಅಟ್ಟಿಸ್ಕೊಂಡು ಬರೋದು ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ಗಂಟೆಗೆ ಸುಮಾರು 25 ಕಿಲೋಮೀಟರ್ ಸ್ಪೀಡಲ್ಲಿ ಬರಬಲ್ಲ ಪ್ರಾಣಿ ಅದು. ಆದ್ರೆ ಅಷ್ಟು ಜೋರಾಗಿ ಬರುವಾಗಲೂ ಅದರ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡೋದಿಲ್ಲ, ಮೆಲ್ಲ ನಡೆಯುವಾಗ ಯಾವ ಕಾಲಿನ ಹಿಂದೆ ಯಾವ ಕಾಲು ಇಡ್ತದೋ ಓಡುವಾಗಲೂ ಅದೇ ಲೆಕ್ಕ.

ಕುದುರೆ ಹಾಗಲ್ಲ, ಅದು ಗೇರ್ ಬದಲಾಯಿಸ್ತದೆ. ಮೊದ್ಲು ನಡಿಗೆ, ಆಮೇಲೆ ಟ್ರಾಟ್, ಅಂದ್ರೆ ಮುಂದಿನ ಎಡಗಾಲು ಹಿಂದಿನ ಬಲಗಾಲು ಜೋಡಿಯಾಗಿ ಏಳೋದು, ಮೈಸೂರಲ್ಲಿ ಟಾಂಗಾ ಕುದುರೆ ಟಕ್ ಟಕ್ ಅಂತ ಹೋಗೋದು ನೋಡಿದ್ರೆ ಅದೇ ಟ್ರಾಟ್. ಇನ್ನೂ ಜೋರು ಬೇಕಾದ್ರೆ ನಾಗಾಲೋಟ. 1981ರಲ್ಲಿ ಕುದುರೆಗಳನ್ನ ಟ್ರೆಡ್‌ಮಿಲ್ ಮೇಲೆ ಓಡಿಸಿ ಎಷ್ಟು ಆಕ್ಸಿಜನ್ ಖರ್ಚಾಗ್ತದೆ ಅಂತ ಅಳೆದು ನೋಡಿದ್ರು, ಒಂದೊಂದು ಗೇರಿಗೂ ಒಂದು ಸ್ಪೀಡಲ್ಲಿ ಖರ್ಚು ಕಮ್ಮಿ, ಅದನ್ನ ದಾಟಿದ ಮೇಲೂ ಟ್ರಾಟಲ್ಲೇ ಓಡ್ಸಿದ್ರೆ ನಾಗಾಲೋಟಕ್ಕಿಂತ ಜಾಸ್ತಿ ಆಕ್ಸಿಜನ್ ಬೇಕಾಗ್ತದೆ. ಅಂದ್ರೆ ಗೇರ್ ಬದಲಾಯಿಸೋದು ಕುದುರೆಗೆ ಲಾಭ.

ಈಗ ಹಾರ್ನೆಸ್ ರೇಸ್ ನೋಡಿ. ಎರಡು ಚಕ್ರದ ಹಗುರವಾದ ಗಾಡಿ, ಹಿಂದೆ ಕೂತವರ ಕೈಲಿ ಲಗಾಮು, ರೂಲ್ ಏನಂದ್ರೆ ನಾಗಾಲೋಟ ಹಾಕಂಗಿಲ್ಲ! ಕುದುರೆ ತಪ್ಪಿ ಹಾಕಿದ್ರೆ ಹಿಡಿದು ವಾಪಸ್ ಟ್ರಾಟಿಗೆ ತರಬೇಕು, ತರದಿದ್ರೆ ರೇಸಿಂದ ಔಟ್. ಸ್ವೀಡನ್ನಲ್ಲಿ ಇದು ಊರೂರಿನ ಆಟ, ಮೂವತ್ತಕ್ಕೂ ಜಾಸ್ತಿ ಟ್ರ್ಯಾಕ್ ಇದಾವೆ, ಸ್ಟಾಕ್‌ಹೋಮಿನ ಸೋಲ್ವಾಲಾದಲ್ಲಿ 1952ರಿಂದ ಎಲಿಟ್‌ಲೋಪೆಟ್ ಅನ್ನೋ ದೊಡ್ಡ ರೇಸು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬಕ್ಕೆ ಇಲ್ಲಿ ಮನೆಮನೆಯವರು ಸೇರೋದು ನೋಡಿದವರಿಗೆ ಆ ಸಂಭ್ರಮ ಅರ್ಥ ಆಗ್ತದೆ. ಫ್ರಾನ್ಸಲ್ಲಂತೂ 1920ರಿಂದ ಪ್ರಿ ದಾಮೆರಿಕ್ ಅನ್ನೋ ಇದೇ ಥರದ ಗಾಡಿ ರೇಸು ನಡೀತಾ ಇದೆ.

ನನಗೆ ಭಾರೀ ಕುತೂಹಲ ಇದ್ದಿದ್ದು, ಗಂಟೆಗೆ 50 ಕಿಲೋಮೀಟರ್ ಹತ್ರ ಹೋಗುವಾಗ್ಲೂ ಆ ಕುದುರೆ ನಾಗಾಲೋಟಕ್ಕೆ ಹೋಗದೆ ಹೇಗೆ ತಡ್ಕೊಳ್ತದೆ ಅಂತ. ಟ್ರೈನಿಂಗ್ ಅಂತೂ ಬೇಕೇ ಬೇಕು, ಆದ್ರೆ ಅದೊಂದೇ ಅಲ್ಲ. ಉತ್ತರ ಸಿಕ್ಕಿದ್ದು ಐಸ್‌ಲೆಂಡಿನ ಗಿಡ್ಡ ಕುದುರೆಗಳಲ್ಲಿ. ಅವುಗಳಲ್ಲಿ ಕೆಲವಕ್ಕೆ ಪೇಸ್ ಅಂತ ಇನ್ನೊಂದು ಗೇರ್ ಬರ್ತದೆ, ಒಂದೇ ಕಡೆಯ ಮುಂಗಾಲು ಹಿಂಗಾಲು ಒಟ್ಟಿಗೆ ಹಾಕೋದು, ಒಂಟೆ ಹಾಕ್ತದಲ್ಲ ಹಾಗೆ. ಕೆಲವಕ್ಕೆ ಎಷ್ಟು ಕಲಿಸಿದ್ರೂ ಬರಲ್ಲ. ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿ ಲೇಫ್ ಆಂಡರ್ಸನ್ ಮತ್ತೆ ಅವರ ಜೊತೆಯವರು ಎರಡೂ ಗುಂಪಿನ ಡಿಎನ್‌ಎ ಹೋಲಿಸಿ 2012ರಲ್ಲಿ ಹೇಳಿದ್ದು, ಪೇಸ್ ಬರೋ ಕುದುರೆಗಳಲ್ಲಿ ಡಿಎಂಆರ್‌ಟಿ3 ಅನ್ನೋ ಜೀನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿದೆ, ಅದರಿಂದ ಆ ಜೀನ್ ಮಾಡೋ ಪ್ರೋಟೀನು ಪೂರ್ತಿ ಆಗೋ ಮೊದ್ಲೇ ನಿಂತು ಮೊಟಕಾಗ್ತದೆ.

ಒಂದು ಅಕ್ಷರ ಅಷ್ಟೇ! ಈ ಜೀನ್ ಕೆಲ್ಸ ಮಾಡೋದು ಬೆನ್ನುಹುರಿಯ ಕೆಲವು ನರಕೋಶಗಳಲ್ಲಿ, ಎಡಗಾಲು ಬಲಗಾಲು, ಮುಂಗಾಲು ಹಿಂಗಾಲು ಯಾವುದು ಯಾವಾಗ ಏಳಬೇಕು ಅನ್ನೋ ತಾಳ ಹಾಕೋ ಜಾಗ ಅದು, ನಡೆಯುವಾಗ ಒಂದೊಂದು ಹೆಜ್ಜೆಗೂ ಮಿದುಳು ಆರ್ಡರ್ ಕೊಡ್ತಾ ಕೂರಲ್ಲ. ಆ ತಾಳ ಸ್ವಲ್ಪ ಸಡಿಲ ಆದ ಕುದುರೆಗೆ ಪೇಸ್ ಹಾಕೋಕೆ ಬರ್ತದೆ, ಎಷ್ಟೇ ಜೋರಲ್ಲೂ ಟ್ರಾಟ್ ಬಿಡದೆ ಇರೋಕೂ ಬರ್ತದೆ. ಗಾಡಿ ರೇಸಿಗಂತ್ಲೇ ಬೆಳೆಸಿದ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯಲ್ಲಿ ಹೆಚ್ಚುಕಮ್ಮಿ ಎಲ್ಲಾ ಕುದುರೆಗೂ ಈ ಬದಲಾವಣೆ ಇದೆ. ತಳಿ ಮಾಡಿದವರಿಗೆ ಜೀನ್ ಅಂದ್ರೆ ಏನು ಅಂತಲೇ ಗೊತ್ತಿಲ್ಲದ ಕಾಲದಲ್ಲಿ, ಟ್ರಾಟ್ ತಪ್ಪದ ಕುದುರೆಯಿಂದಲೇ ಮರಿ ಪಡೀತಾ ಪಡೀತಾ ಬರೀ ಕಣ್ಣಳತೆಯಲ್ಲಿ ಆ ಒಂದು ಅಕ್ಷರವನ್ನ ಆರಿಸಿಬಿಟ್ಟಿದ್ರು, ನಂಗೆ ಇದು ತುಂಬಾ ದೊಡ್ಡ ವಿಷಯ ಅನ್ನಿಸ್ತದೆ.

ಆದ್ರೆ ಇದಕ್ಕೆ ಬೆಲೆಯೂ ಇದೆ, ಈ ಬದಲಾವಣೆ ಇರೋ ಕುದುರೆಗೆ ನಾಗಾಲೋಟ ಅಷ್ಟು ಚೆನ್ನಾಗಿ ಕೂರಲ್ಲ. ಮೈಸೂರು ರೇಸ್‌ಕೋರ್ಸಲ್ಲಿ ಜಾಕಿಯನ್ನ ಬೆನ್ನ ಮೇಲೆ ಕೂರಿಸ್ಕೊಂಡು ಓಡೋದು ಥರೋಬ್ರೆಡ್ ಕುದುರೆಗಳು, ಅವು ಗೆಲ್ಲೋದೇ ನಾಗಾಲೋಟದಲ್ಲಿ. ಅದೇ ಸಂಶೋಧನೆಯಲ್ಲಿ ಥರೋಬ್ರೆಡ್ಡುಗಳನ್ನೂ ಪರೀಕ್ಷೆ ಮಾಡಿದ್ರು, ಅವುಗಳಲ್ಲಿ ಒಂದಕ್ಕೂ ಆ ಬದಲಾದ ಅಕ್ಷರ ಇರಲಿಲ್ಲ.