ಥಿನ್ನರ್ ವಾಸನೆ ಹಿಡಿಯುವ ದ್ರವರೂಪದ ಉಪ್ಪು

ಹೊಸದಾಗಿ ಪಾಲಿಶ್ ಮಾಡಿದ ಬಾಗಿಲಿನ ಹತ್ತಿರ ಹೋದರೆ ಥಿನ್ನರ್ ವಾಸನೆ ಗಪ್ ಎಂದು ಮೂಗಿಗೆ ಹೊಡೆಯುತ್ತದೆ. ಅಲ್ಲೇ ಸ್ವಲ್ಪ ಹೊತ್ತು ನಿಂತರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆವಿ ಕಡಿಮೆಯಾಗಿಲ್ಲ, ಮೂಗು ಒಗ್ಗಿಕೊಂಡಿದೆ ಅಷ್ಟೆ. ಥಿನ್ನರ್‌ನಲ್ಲಿರುವ ಟಾಲ್ಯೂಯಿನ್ ತಲೆಸುತ್ತು ತರಿಸುತ್ತದೆ. ಕೆಲವು ಅಂಟುಗಳಲ್ಲಿರುವ ಹೆಕ್ಸೇನ್ ದೀರ್ಘಕಾಲ ಒಳಗೆ ಹೋದರೆ ಕೈಕಾಲಿನ ನರಗಳು ಹಾಳಾಗುತ್ತವೆ. ಬೆಂಜೀನ್ ರಕ್ತದ ಕ್ಯಾನ್ಸರ್‌ಗೆ ಕಾರಣ. ಬೆಳಗಿಂದ ಸಂಜೆವರೆಗೆ ಈ ಆವಿಗಳ ನಡುವೆ ದುಡಿಯುವವರು ತಮ್ಮ ಮೂಗನ್ನೇ ನಂಬಿಕೊಂಡು ಇರಬೇಕಾಗಿ ಬರುವುದು ಸರಿಯಲ್ಲ. ಅವರಿಗೊಂದು ಒಳ್ಳೆಯ ಸೆನ್ಸರ್ ಬೇಕು.

ಅಗ್ಗದ ಸೆನ್ಸರ್‌ಗಳು ಈಗಲೂ ಇವೆ. ಜಾಸ್ತಿ ಬಳಕೆಯಲ್ಲಿರುವುದು ತವರದ ಆಕ್ಸೈಡ್‌ನ ಸೆನ್ಸರ್. ಅದನ್ನು ಕೆಲವು ನೂರು ಡಿಗ್ರಿವರೆಗೆ ಕಾಯಿಸಿಯೇ ಇಡಬೇಕು. ಅಷ್ಟು ಮಾಡಿದರೂ ಅಸಿಟೋನ್ ಬಂದರೂ ಅದಕ್ಕೆ ಒಂದೇ, ಆಲ್ಕೋಹಾಲ್ ಬಂದರೂ ಒಂದೇ. ಏನೋ ಬಂದಿದೆ ಎನ್ನುತ್ತದೆ, ಯಾವುದು ಬಂದಿದೆ ಎಂದು ಹೇಳಲು ಒದ್ದಾಡುತ್ತದೆ.

ಆವಿಯನ್ನು ಒಂದು ದ್ರವದ ಪದರಕ್ಕೆ ಇಳಿಸಿ, ಆ ದ್ರವ ಹೇಗೆ ಬದಲಾಗುತ್ತದೆ ಎಂದು ನೋಡಬಹುದಲ್ವಾ? ಥಿನ್ನರ್‌ನಂಥ ದ್ರಾವಕಗಳು ದ್ರವದಲ್ಲಿ ಸುಲಭವಾಗಿ ಬೆರೆಯುತ್ತವೆ, ಆಮೇಲೆ ಶುದ್ಧ ಗಾಳಿ ಹಾಯಿಸಿದರೆ ಹೊರಗೂ ಹೋಗುತ್ತವೆ. ತೊಂದರೆ ಏನೆಂದರೆ, ತೆಳುವಾಗಿ ಹಚ್ಚಿದ ಮಾಮೂಲಿ ದ್ರವ ತಾನೇ ಆವಿಯಾಗಿ ಹೋಗುತ್ತದೆ. ಸೆನ್ಸರ್ ಒಣಗಿ ಕೂರುತ್ತದೆ.

ಇಲ್ಲಿ ಕೈಹಿಡಿಯುವುದು ಅಯಾನಿಕ್ ದ್ರವ. ಇದು ಉಪ್ಪೇ, ಆದರೆ ದ್ರವವಾಗಿರುವ ಉಪ್ಪು. ಅಡುಗೆ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಅದರ ಸೋಡಿಯಂ, ಕ್ಲೋರೈಡ್ ಅಯಾನುಗಳು, ಅಂದರೆ ಪ್ಲಸ್ ಅಥವಾ ಮೈನಸ್ ವಿದ್ಯುತ್ ಆವೇಶವಿರುವ ಕಣಗಳು, ಚಿಕ್ಕವು, ಗುಂಡಗಿನವು, ಒತ್ತೊತ್ತಾಗಿ ಜೋಡಿಸಿಕೊಂಡು ಬಿಗಿಯಾಗಿ ಕೂತಿರುತ್ತವೆ. ಸೋಡಿಯಂ ಬದಲು ಒಂದು ಕಡೆ ಉದ್ದ ಬಾಲವಿರುವ, ಸೊಟ್ಟಗಿರುವ ದೊಡ್ಡ ಸಾವಯವ ಅಯಾನನ್ನು ಹಾಕಿ ನೋಡಿ. ಸಾಲಾಗಿ ಜೋಡಿಸಿಕೊಳ್ಳಲು ಅದಕ್ಕೆ ಆಗುವುದೇ ಇಲ್ಲ. ಹಾಗಾಗಿ ಆ ಉಪ್ಪು ಮಾಮೂಲಿ ತಾಪಮಾನದಲ್ಲೂ ದ್ರವವಾಗಿಯೇ ಉಳಿಯುತ್ತದೆ. 1914ರಲ್ಲೇ ರಸಾಯನ ವಿಜ್ಞಾನಿ ಪಾಲ್ ವಾಲ್ಡನ್ 12 ಡಿಗ್ರಿಯಲ್ಲಿ ಕರಗುವ ಈಥೈಲ್‌ಅಮೋನಿಯಂ ನೈಟ್ರೇಟ್ ಬಗ್ಗೆ ಬರೆದಿದ್ದರು. ಬಹಳ ಕಾಲ ಅದಕ್ಕೆ ಹೆಚ್ಚು ಗಮನ ಸಿಗಲಿಲ್ಲ. ಮುಂದೆ ಬಂದ ಕೆಲವು ಅಯಾನಿಕ್ ದ್ರವಗಳು ತೇವ ತಗುಲಿದರೆ ಕೆಡುತ್ತಿದ್ದವು. 1992ರಲ್ಲಿ ವಿಲ್ಕ್ಸ್ ಮತ್ತು ಜಾವೊರೊಟ್ಕೊ ಗಾಳಿ, ನೀರಿಗೆ ತಡೆಯುವ, ಇಮಿಡಜೋಲಿಯಂ ಎಂಬ ಸಾವಯವ ಅಯಾನಿನ ಉಪ್ಪುಗಳನ್ನು ಮಾಡಿದ ಮೇಲೆ ಈ ಕ್ಷೇತ್ರಕ್ಕೆ ಜೀವ ಬಂತು.

ಪ್ಲಸ್ ಮತ್ತು ಮೈನಸ್ ಅಯಾನುಗಳು ಒಂದನ್ನೊಂದು ಜೋರಾಗಿ ಎಳೆದುಕೊಂಡಿರುವುದರಿಂದ ಈ ದ್ರವ ಆವಿಯಾಗುವುದಿಲ್ಲ ಎಂದೇ ಹೇಳಬಹುದು. ತಟ್ಟೆಯ ಮೇಲೆ ಹಚ್ಚಿಟ್ಟರೆ ತಿಂಗಳಾದರೂ ಹಾಗೇ ಇರುತ್ತದೆ. ಸೆನ್ಸರ್‌ಗೆ ಬೇಕಾದದ್ದು ಇದೇ.

ಇನ್ನು ಬದಲಾವಣೆಯನ್ನು ಅಳೆಯುವ ವಿಚಾರ. ವಿದ್ಯುತ್ ಕೊಟ್ಟರೆ ಕ್ವಾರ್ಟ್ಸ್ ಸ್ಫಟಿಕ ಕಂಪಿಸುತ್ತದೆ. ಗಡಿಯಾರದಲ್ಲಿರುವ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸಿದರೆ, ಸೆನ್ಸರ್‌ಗೆ ಬಳಸುವ ತೆಳು ಬಿಲ್ಲೆ ಐವತ್ತು ಲಕ್ಷ, ಒಂದು ಕೋಟಿ ಸಲ ಕಂಪಿಸುತ್ತದೆ. ಮೇಲೆ ಏನಾದರೂ ಗಟ್ಟಿಯಾಗಿ ಅಂಟಿದರೆ ಕಂಪನ ತಗ್ಗುತ್ತದೆ. 1959ರಲ್ಲಿ ಜರ್ಮನ್ ವಿಜ್ಞಾನಿ ಸೌರ್‌ಬ್ರೇ ಇದರ ಲೆಕ್ಕ ಕೊಟ್ಟರು. ಐವತ್ತು ಲಕ್ಷ ಕಂಪನದ ಬಿಲ್ಲೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 18 ನ್ಯಾನೋಗ್ರಾಂ ತೂಕ ಬಿದ್ದರೆ ಸೆಕೆಂಡಿಗೆ ಒಂದು ಕಂಪನ ಕಡಿಮೆಯಾಗುತ್ತದೆ. ನ್ಯಾನೋಗ್ರಾಂ ಅಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು.

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಇಂಥ ಬಿಲ್ಲೆಗೆ ಅಯಾನಿಕ್ ದ್ರವ ಹಚ್ಚಿ ದ್ರಾವಕಗಳ ಆವಿ ಬಿಟ್ಟು ನೋಡಿದ್ದನ್ನು 2002ರಲ್ಲಿ ಪ್ರಕಟಿಸಿದರು. ಆವಿ ದ್ರವದೊಳಗೆ ಸೇರಿದರೆ ತೂಕ ಹೆಚ್ಚಿ ಕಂಪನ ಇಳಿಯಬೇಕು ತಾನೇ? ಅಲ್ಲಿ ಏರಿತ್ತು! ಜೋನಿ ಬೆಲ್ಲಕ್ಕೆ ಬಿಸಿನೀರು ಬೆರೆಸಿದಾಗ ಹೇಗೆ ತೆಳ್ಳಗಾಗುತ್ತದೋ ಹಾಗೆ, ಮಂದವಾಗಿದ್ದ ದ್ರವ ಆವಿ ಬೆರೆತ ಕೂಡಲೇ ತೆಳುವಾಗಿತ್ತು. ಬಿಲ್ಲೆ ಅಡ್ಡಡ್ಡಲಾಗಿ ಅಲುಗಾಡುವಾಗ ಮಂದ ದ್ರವ ಅದನ್ನು ಹಿಡಿದು ಜಗ್ಗುತ್ತಿರುತ್ತದೆ. ದ್ರವ ತೆಳುವಾದರೆ ಆ ಜಗ್ಗಾಟ ಸಡಿಲವಾಗುತ್ತದೆ. ಸೇರಿದ ತೂಕಕ್ಕಿಂತ ಈ ಸಡಿಲವೇ ದೊಡ್ಡದಾಗಿತ್ತು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ದ್ರವ ಆವಿಯನ್ನು ಸುಮ್ನೆ ಹಿಡಿದಿಟ್ಟುಕೊಳ್ಳುವುದಿಲ್ಲ, ತನ್ನ ಗುಣವನ್ನೇ ಬದಲಿಸಿಕೊಂಡು ಸುದ್ದಿ ಕೊಡುತ್ತದೆ. ಎಷ್ಟು ತೆಳುವಾಗುತ್ತದೆ ಎನ್ನುವುದು ಆವಿ ಯಾವುದು, ಉಪ್ಪು ಯಾವುದು ಎರಡರ ಮೇಲೂ ನಿಂತಿದೆ.

ಹಾಗಾಗಿ ಬೇರೆ ಬೇರೆ ಉಪ್ಪು ಹಚ್ಚಿದ ಕೆಲವು ಬಿಲ್ಲೆಗಳನ್ನು ಒಟ್ಟಿಗೆ ಇಟ್ಟರೆ, ಒಂದೊಂದು ದ್ರಾವಕಕ್ಕೂ ಒಂದೊಂದು ಗುರುತು ಸಿಗುತ್ತದೆ. ಲೂಯಿಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ಐಸಾಯಾ ವಾರ್ನರ್ ಅವರ ತಂಡ ಒಂದೇ ಬಿಲ್ಲೆಯನ್ನು ಹಲವು ಆವರ್ತನಗಳಲ್ಲಿ ಕಂಪಿಸಿ, ಅದರಿಂದಲೇ ಆವಿಗಳನ್ನು ಬೇರ್ಪಡಿಸಿ ಗುರುತಿಸಿದೆ.

ಗುರುತಿಸುವುದು ಯಾಕೆ ಮುಖ್ಯ ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ನೂರಾರು ಬಡವರು ಸತ್ತರು. ವಿಷವಾದ ಮೆಥನಾಲ್ ಮತ್ತು ಮದ್ಯದಲ್ಲಿರುವ ಎಥನಾಲ್ ಎರಡೂ ಬಣ್ಣವಿಲ್ಲದ ದ್ರವಗಳೇ, ವಾಸನೆಯೂ ಹೆಚ್ಚುಕಡಿಮೆ ಒಂದೇ ಥರ. ಕುಡಿಯುವವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ದೊಡ್ಡ ಅಡ್ಡಿ ಎಂದರೆ ನೀರಿನ ಆವಿ. ಅದೂ ಅಯಾನಿಕ್ ದ್ರವಕ್ಕೆ ಸೇರಿ ತೆಳುವಾಗಿಸುತ್ತದೆ. ಒಣ ನೈಟ್ರೋಜನ್‌ನಲ್ಲಿ ಬೆರೆಸಿದ ಟಾಲ್ಯೂಯಿನ್ ಅನ್ನು ಲ್ಯಾಬ್‌ನಲ್ಲಿ ಹಿಡಿಯುವುದು ಒಂದು ಮಾತು, ಜೂನ್ ತಿಂಗಳ ಮಂಗಳೂರಿನ ಗಾಳಿಯಲ್ಲಿ ಹಿಡಿಯುವುದು ಬೇರೆಯೇ ಮಾತು. ನೀರನ್ನು ದೂರವಿಡುವ ಬಿಸ್‌ಟ್ರೈಫ್ಲಿಮೈಡ್ ಥರದ ಮೈನಸ್ ಅಯಾನು ಆರಿಸಿಕೊಂಡರೆ ತೊಂದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಪಕ್ಕದಲ್ಲೇ ತೇವಾಂಶ ಅಳೆಯುವ ಇನ್ನೊಂದು ಸೆನ್ಸರ್ ಇಟ್ಟು, ನೀರಿನ ಪಾಲನ್ನು ಲೆಕ್ಕದಿಂದ ಕಳೆಯಬೇಕಾಗುತ್ತದೆ. ಕೆಲವು ಅಯಾನಿಕ್ ದ್ರವಗಳೇ ವಿಷಕಾರಿ. ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಮೈನಸ್ ಅಯಾನು ಇರುವ ದ್ರವ ತೇವದಲ್ಲಿ ಒಡೆದು ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಬಿಡಬಲ್ಲದು. ಕಾರ್ಮಿಕರ ಅಂಗಿಯ ಜೇಬಿಗೆ ಸಿಕ್ಕಿಸುವ ಸೆನ್ಸರ್‌ಗೆ ಅಂಥದ್ದನ್ನು ಹಚ್ಚಲೇಬಾರದು.