ತೊಟ್ಟಿಲಿಗೆ ಮೊದಲು, ಒಂದೇ ಸಂಬಳದ ಆರು ತಿಂಗಳು

ಮಗುವಿನ ಯೋಚನೆಯಲ್ಲಿರುವ ದಂಪತಿ ನನ್ನ ಕಚೇರಿಗೆ ಬಂದಾಗ ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಕೈಯಲ್ಲಿ ಎಷ್ಟು ಲಕ್ಷ ಇದ್ದರೆ ಸಾಕು, ಮೇಡಂ?’ ಹಣಕಾಸು ಸಲಹೆಯ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ ಇದಕ್ಕೆ ಒಂದು ಮೊತ್ತವನ್ನು ಉತ್ತರವಾಗಿ ಹೇಳಲು ನನಗೆ ಸಾಧ್ಯವಾಗಿಲ್ಲ. ಹೆರಿಗೆಯ ಬಿಲ್ಲು ಎಷ್ಟೇ ದೊಡ್ಡದಾದರೂ ಒಮ್ಮೆ ಬಂದು ಹೋಗುತ್ತದೆ. ನಾನು ಕಂಡಂತೆ ಸಂಸಾರಗಳು ಕಷ್ಟಕ್ಕೆ ಸಿಲುಕುವುದು ಅದರ ನಂತರದ ಒಂದೂವರೆ ವರ್ಷದಲ್ಲಿ, ಅಂದರೆ ಎರಡು ಸಂಬಳಗಳ ಪೈಕಿ ಒಂದು ನಿಂತು, ಮನೆಸಾಲದ ಕಂತು ಮಾತ್ರ ತಪ್ಪದೆ ಕಡಿತವಾಗುತ್ತಿರುವ ತಿಂಗಳುಗಳಲ್ಲಿ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಂದು ದಂಪತಿಯ ಲೆಕ್ಕವನ್ನೇ ನೋಡೋಣ. ಗುರುತು ಸಿಗದಂತೆ ಅಂಕಿಗಳನ್ನು ತುಸು ಬದಲಿಸಿದ್ದೇನೆ. ಗಂಡನ ಕೈಗೆ ಬರುವ ಸಂಬಳ 70,000 ರೂಪಾಯಿ, ಹೆಂಡತಿಯದು 55,000. ಮನೆಸಾಲದ ಕಂತು 42,000, ದಿನಸಿ, ಓಡಾಟ ಮತ್ತಿತರ ಮನೆಖರ್ಚು 33,000, ಊರಿಗೆ ಕಳಿಸುವುದು 8,000. ತಿಂಗಳಿಗೆ 42,000 ಉಳಿಯುತ್ತಿದ್ದ, 4 ಲಕ್ಷದ ಎಫ್‌ಡಿ ಇದ್ದ ಈ ಮನೆ ಎಲ್ಲ ರೀತಿಯಿಂದಲೂ ಸಿದ್ಧವಾಗಿದೆ ಎಂದೇ ಅವರು ಭಾವಿಸಿದ್ದರು. ಆ ಎಫ್‌ಡಿಯನ್ನು ಮುರಿದು, ‘ಮಗುವನ್ನು ಬೈಕಿನಲ್ಲಿ ಕರೆದೊಯ್ಯಲಾಗುವುದಿಲ್ಲವಲ್ಲ’ ಎಂಬ ಕಾರಣಕ್ಕೆ ಕಾರಿಗೆ ಮುಂಗಡ ಕಟ್ಟುವ ಯೋಚನೆಯೂ ಇತ್ತು. ಹೆಂಡತಿಯ ಸಂಬಳವನ್ನು ತೆಗೆದು ನೋಡಿದರೆ ಚಿತ್ರವೇ ಬೇರೆ. ಖರ್ಚು 83,000, ಆದಾಯ 70,000, ಕೊರತೆ 13,000. ಮಗುವಿನ ಡೈಪರ್, ಲಸಿಕೆ, ವೈದ್ಯರ ಭೇಟಿ, ಮನೆಗೆಲಸದ ಸಹಾಯಕ್ಕೆ 12,000 ಸೇರಿಸಿದರೆ ಕೊರತೆ 25,000. ಎಫ್‌ಡಿಯನ್ನು ಕಾರಿಗಾಗಿ ಮುರಿಯದಿದ್ದರೆ, ಅದರಿಂದ ಈ ಕೊರತೆ ತುಂಬುತ್ತಾ 16 ತಿಂಗಳು ನಡೆಸಬಹುದು. ಕಾರು ಕೊಂಡರೆ ಅದರ ಕಂತು 14,000 ಸೇರಿ ಕೊರತೆ 39,000ಕ್ಕೆ ಏರುತ್ತದೆ, ಅದನ್ನು ತುಂಬಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಆದ್ದರಿಂದ ನಾನು ಹೇಳುವುದು ಒಂದು ಅಭ್ಯಾಸವನ್ನು. ಗರ್ಭಧಾರಣೆಗೆ ಮೊದಲೇ ಆರು ತಿಂಗಳ ಕಾಲ ಹೆಂಡತಿಯ ಸಂಬಳವನ್ನು ಇನ್ನೊಂದು ಖಾತೆಗೆ ಹಾಕಿ, ಗಂಡನ ಸಂಬಳದಲ್ಲೇ ಮನೆ ನಡೆಸಿ ನೋಡಬೇಕು. ಮಧ್ಯೆ ಆ ಖಾತೆಯಿಂದ ಹಣ ತೆಗೆಯಬೇಕಾಗಿ ಬಂದರೆ ತಪ್ಪಿಲ್ಲ, ಆದರೆ ತೆಗೆದದ್ದನ್ನು ಬರೆದಿಡಬೇಕು. ಕೊರತೆ ಎಷ್ಟೆಂಬುದನ್ನು ನನ್ನ ಎಕ್ಸೆಲ್ ಹಾಳೆಗಿಂತ ಆ ಪುಟ್ಟ ಪಟ್ಟಿ ಸರಿಯಾಗಿ ಹೇಳುತ್ತದೆ. ಹೆಂಡತಿಯ ಸಂಬಳವೇ ದೊಡ್ಡದಾಗಿರುವ ಮನೆಗಳಲ್ಲಿ ಈ ಅಭ್ಯಾಸ ಇನ್ನೂ ಕಠಿಣ, ಹಾಗಾಗಿ ಅಲ್ಲಿ ಇನ್ನೂ ಅಗತ್ಯ.

ರಜೆಯಲ್ಲಿ ಸಂಬಳ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಬರುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ 26 ವಾರಗಳ ಹೆರಿಗೆ ರಜೆಯಿದೆ. ಹತ್ತು ಅಥವಾ ಹೆಚ್ಚು ಜನರು ದುಡಿಯುವ ಸಂಸ್ಥೆಯಲ್ಲಿದ್ದು, ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ತಿಂಗಳ ವೇತನ 21,000 ರೂಪಾಯಿಯೊಳಗಿದ್ದು ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಗೆ ಬರುವವರಿಗೆ ಈ ಅವಧಿಯ ಹಣ ಅಲ್ಲಿಂದ ಸಿಗುತ್ತದೆ. ಆದರೆ ಹೆರಿಗೆಗೆ 4 ವಾರ ಮೊದಲು ರಜೆ ಹಾಕಿದವರು ಕೆಲಸಕ್ಕೆ ಮರಳುವ ದಿನ ಮಗುವಿಗೆ ತುಂಬುವುದು 22 ವಾರ ಮಾತ್ರ, ಅಂದರೆ ಐದು ತಿಂಗಳು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಿ ಎಂದು ವೈದ್ಯರು ಹೇಳಿರುತ್ತಾರೆ. ಸಂಬಳವಿಲ್ಲದ ರಜೆ, ಇಲ್ಲವೇ ರಾಜೀನಾಮೆಯ ಮಾತು ಶುರುವಾಗುವುದು ಇಲ್ಲಿಯೇ.

ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಹಣದ ಪ್ರಶ್ನೆಯೆಂದು ನಮ್ಮವರು ಎಣಿಸುವುದೇ ಇಲ್ಲ. ಬಾಣಂತನ ತವರಿನಲ್ಲಿ ಮುಗಿಯುತ್ತದೆ, ಆಮೇಲೆ ‘ಅಮ್ಮ ಬಂದು ಇರ್ತಾರೆ’ ಎಂಬ ಒಂದು ವಾಕ್ಯದ ಮೇಲೆ ಇಡೀ ಯೋಜನೆ ನಿಂತಿರುತ್ತದೆ. ಒಮ್ಮೆ ಹಾಗೆಂದ ಮಗನ ಪಕ್ಕದಲ್ಲೇ ಅವರ ತಾಯಿಯೂ ಕುಳಿತಿದ್ದರು. ‘ನಿಮ್ಮಪ್ಪನ ಔಷಧಿ, ತೋಟ ಯಾರು ನೋಡ್ಕೋತಾರಪ್ಪ? ಮೂರು ತಿಂಗಳು ಬರ್ತೀನಿ, ಅದಕ್ಕಿಂತ ಹೆಚ್ಚು ನನ್ನನ್ನ ಕೇಳಬೇಡ’ ಎಂದರು. ಆ ಮನೆಯಲ್ಲಿ ಅದನ್ನು ಅಷ್ಟು ನೇರವಾಗಿ ಯಾರೂ ಅದುವರೆಗೆ ಕೇಳಿರಲಿಲ್ಲ. ಐವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂದು ಕಾನೂನು ಹೇಳುತ್ತದೆ. ನಿಮ್ಮ ಕಚೇರಿಯಲ್ಲಿ ಅದು ನಿಜವಾಗಿ ಇದೆಯೇ, ಎಷ್ಟು ತಿಂಗಳ ಮಗುವನ್ನು ಸೇರಿಸಿಕೊಳ್ಳುತ್ತಾರೆ ಎಂದು ಈಗಲೇ ವಿಚಾರಿಸಿ. ಇಲ್ಲವಾದರೆ ಡೇ ಕೇರ್ ಅಥವಾ ಮನೆಗೆ ಬರುವ ಆಯಾಳ ತಿಂಗಳ ಖರ್ಚು ಮೇಲಿನ ಲೆಕ್ಕಕ್ಕೆ ಸೇರಬೇಕು.

ವಿಮೆಯ ವಿಷಯದಲ್ಲಿ ಮೊತ್ತಕ್ಕಿಂತ ಕಾಲವೇ ಮುಖ್ಯ. ನೀವೇ ಕೊಳ್ಳುವ ಆರೋಗ್ಯ ವಿಮೆಯಲ್ಲಿ ಹೆರಿಗೆಯ ರಕ್ಷಣೆ ಇದ್ದರೂ ಅದಕ್ಕೆ ಕಾಯುವ ಅವಧಿಯಿರುತ್ತದೆ, ಪಾಲಿಸಿಯನ್ನು ಅವಲಂಬಿಸಿ ಒಂಬತ್ತು ತಿಂಗಳಿಂದ ಕೆಲವು ವರ್ಷಗಳವರೆಗೆ. ಗರ್ಭ ನಿಂತ ಮೇಲೆ ಕೊಂಡ ಪಾಲಿಸಿ ಆ ಹೆರಿಗೆಗೆ ಒದಗುವುದಿಲ್ಲ. ಕಂಪನಿಯ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಈ ಕಾಯುವಿಕೆ ಇಲ್ಲ, ಆದರೆ ಹೆರಿಗೆಗೆ ಪ್ರತ್ಯೇಕ ಮಿತಿಯಿರುತ್ತದೆ, ಮತ್ತು ಕೆಲಸ ಬಿಟ್ಟರೆ ಅದೂ ಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 47ರಷ್ಟು ಸಿಸೇರಿಯನ್. ಆದ್ದರಿಂದ ಸಹಜ ಹೆರಿಗೆಯ ಪ್ಯಾಕೇಜಿನ ದರವನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ಅದಕ್ಕಿಂತ ದೊಡ್ಡ ಅಪಾಯ ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಇಡಬೇಕಾಗಿ ಬರುವುದು. ನವಜಾತ ಶಿಶುವಿಗೆ ರಕ್ಷಣೆ ಮೊದಲ ದಿನದಿಂದಲೋ, 91ನೇ ದಿನದಿಂದಲೋ, ಮಗುವಿನ ಹೆಸರನ್ನು ಎಷ್ಟು ದಿನದೊಳಗೆ ಸೇರಿಸಬೇಕು ಎಂಬುದನ್ನು ಎಚ್‌ಆರ್ ವಿಭಾಗದಿಂದ ಬರಹದಲ್ಲಿ ಪಡೆಯಿರಿ. ನಿಗದಿತ ಅವಧಿಯೊಳಗೆ ಸಾವು ಸಂಭವಿಸಿದರೆ ಮನೆಯವರಿಗೆ ಹಣ ಕೊಡುವ ಟರ್ಮ್ ವಿಮೆಯನ್ನೂ ಇಬ್ಬರೂ ಮೊದಲೇ ಮಾಡಿಸುವುದು ಒಳ್ಳೆಯದು, ಏಕೆಂದರೆ ಗರ್ಭಿಣಿಯ ಅರ್ಜಿಯನ್ನು ಹೆರಿಗೆಯ ನಂತರಕ್ಕೆ ಮುಂದೂಡುವ ಕಂಪನಿಗಳಿವೆ.

ವಿಮೆಯೇ ಇಲ್ಲದವರು ಹೆರಿಗೆಗಾಗಿ ಬಡ್ಡಿ ಸಾಲಕ್ಕೆ ಕೈಹಾಕುವುದನ್ನು ಕಂಡಾಗ ಬೇಸರವಾಗುತ್ತದೆ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧಿ, ಪರೀಕ್ಷೆ, ಊಟ ಎಲ್ಲವೂ ಉಚಿತ. ರಾಷ್ಟ್ರೀಯ ಲಸಿಕಾ ಪಟ್ಟಿಯ ಚುಚ್ಚುಮದ್ದುಗಳೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ; ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಯಾದವರೂ ಅಲ್ಲಿಗೆ ಹೋಗಬಹುದು.

ಎಲ್ಲ ಸಾಲವೂ ತೀರಲಿ ಎಂದು ಮೂವತ್ತೇಳು, ಮೂವತ್ತೆಂಟರವರೆಗೆ ಕಾದವರನ್ನೂ ನೋಡಿದ್ದೇನೆ. ಅವರಲ್ಲಿ ಕೆಲವರು ಉಳಿಸಿದ ಹಣವನ್ನು ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಗೆ ಸುರಿದರು. ಇಪ್ಪತ್ತು ವರ್ಷದ ಮನೆಸಾಲ ತೀರುವುದನ್ನು ಕಾಯುವುದರಲ್ಲಿ ಅರ್ಥವಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ, ವೈಯಕ್ತಿಕ ಸಾಲ ಇದ್ದರೆ ಅವನ್ನು ಮಾತ್ರ ಮೊದಲು ತೀರಿಸಿ ಎನ್ನುತ್ತೇನೆ. ಹಾಗೆಯೇ, ನಾಮಕರಣದ ದಿನವೇ ‘ಮಕ್ಕಳ ಪಾಲಿಸಿ’ಯ ಅರ್ಜಿ ಹಿಡಿದು ಬರುವ ನೆಂಟರಿಗೆ ಒಂದು ವರ್ಷ ಬಿಟ್ಟು ಬರಲು ಹೇಳಿ. ಹೆಣ್ಣುಮಗುವಿನ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆ ಒಳ್ಳೆಯದೇ, ಆದರೆ ಅದರ ಹಣ ದೀರ್ಘಕಾಲ ಕೈಗೆ ಸಿಗುವುದಿಲ್ಲ. ಅದನ್ನು ಮಗುವಿಗೆ ಹತ್ತು ವರ್ಷ ತುಂಬುವವರೆಗೆ ಯಾವಾಗ ಬೇಕಾದರೂ ತೆರೆಯಬಹುದು, ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ. ಕೈ ಬಿಗಿಯಿರುವ ಮೊದಲ ವರ್ಷದಲ್ಲಿ ಅಷ್ಟೇ ಕಟ್ಟಿ.

ಮೇಲೆ ಹೇಳಿದ ದಂಪತಿ ಆರು ತಿಂಗಳ ನಂತರ ಪಟ್ಟಿ ತಂದರು. ಎರಡನೇ ಖಾತೆಯಿಂದ ಮೊದಲ ತಿಂಗಳು 16,000 ತೆಗೆದಿದ್ದರು, ಕೊನೆಯ ತಿಂಗಳು 9,000. ಕಾರಿನ ಮಾತನ್ನು ಅವರೇ ಎತ್ತಿದರು, ಮಗುವಿಗೆ ಎರಡು ವರ್ಷವಾದ ಮೇಲೆ ಹಳೆಯದೊಂದನ್ನು ನೋಡುತ್ತಾರಂತೆ.